ಒಡಲ ಹಾಸು, ಸೆರಗಿನ ಹಾಸು

ಇಳಕಲ್ ಸೀರೆಯ ಒಡಲು ಮುಗಿದು ಸೆರಗು ಮೊದಲಾಗುವ ಸಂಧಿಯನ್ನು, ರಬಕವಿ-ಬನಹಟ್ಟಿಯ ಮಗ್ಗದ ಮನೆಯಲ್ಲಾಗಲಿ ನಮ್ಮ ಬೀಳಗಿಯ ಸಂತೆಯಲ್ಲಾಗಲಿ, ಕಣ್ಣಿಗೆ ಹತ್ತಿರ ಹಿಡಿದು ನೋಡಿದವರಿಗೆ ಅಲ್ಲಿನ ಸೂಕ್ಷ್ಮ ಕೌಶಲ ಗೋಚರಿಸದೆ ಇರದು. ಒಡಲಿನ ಹಾಸು ಹತ್ತಿಯದಾಗಿದ್ದರೂ ಸೆರಗಿನ ಹಾಸು ಕೆಂಪು ರೇಷ್ಮೆಯದು. ಸ್ವಭಾವದಲ್ಲಿ ಬೇರೆಯಾದ ಈ ಎರಡು ಹಾಸುಗಳನ್ನು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿದ ಬಳಿಕವೇ ಅದು ಒಂದು ಸೀರೆಯೆನಿಸುವುದು. ಗಣಕಯಂತ್ರದ ಅಂತರಂಗದಲ್ಲಿ ಕುಳಿತು ಅದರ ಸಮಸ್ತ ವ್ಯವಹಾರವನ್ನೂ ನಿಯಮಿಸುವ ಕರ್ನೆಲ್ ಎಂಬ ತಂತ್ರಾಂಶದ ರಚನೆಯನ್ನು ಓದುವಾಗಲೆಲ್ಲ ನನಗೆ ಈ ಕೊಂಡಿಯೇ ನೆನಪಾಗುತ್ತದೆ.

ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಕರ್ನೆಲನ್ನು ಬರೆದಾಗ ಅದು ಇಂಟೆಲ್ 80386 ಎಂಬ ಒಂದೇ ಪ್ರೊಸೆಸರಿಗೆ ಕಟ್ಟುಬಿದ್ದ ಕೃತಿಯಾಗಿತ್ತು. 1995ರಲ್ಲಿ ಆಲ್ಫಾ, ಸ್ಪಾರ್ಕ್, ಮಿಪ್ಸ್ ಎಂಬ ಅನ್ಯ ಯಂತ್ರವಂಶಗಳಿಗೂ ಅದು ವ್ಯಾಪಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೂ ಕೂಡಿ ಹಳ್ಳಿಯ ಜನರನ್ನು ಮನಸ್ಸಿನಲ್ಲಿಟ್ಟು ರೂಪಿಸಿ, 2001ರಲ್ಲಿ ಲೋಕಕ್ಕೆ ತೋರಿಸಿದ ಸಿಂಪ್ಯೂಟರ್ ಎಂಬ ಅಂಗೈಯಗಲದ ಗಣಕದಲ್ಲಿ ಓಡುತ್ತಿದ್ದುದೂ ಈ ಲಿನಕ್ಸೇ. ಆದರೆ ಅದರ ಪ್ರೊಸೆಸರು ಇಂಟೆಲ್‌ನ 386 ವಂಶದ್ದಲ್ಲ, ಸ್ಟ್ರಾಂಗ್‌ಆರ್ಮ್ ಎಂಬ ಬೇರೊಂದು ವಂಶದ್ದು. ಎಲ್ಲ ಯಂತ್ರಗಳಿಗೂ ಸಮಾನವಾದ ಬರಹವೆಂಬ ಒಡಲು ಅದೇ, ಆಯಾ ವಂಶದ ಸ್ವಂತ ಕಡತಗಳೆಂಬ ಸೆರಗು ಬೇರೆ.

ಈ ವಂಶಭೇದ ಎಷ್ಟು ಸೂಕ್ಷ್ಮವಾದುದೆಂಬುದನ್ನು ಒಂದು ನಿದರ್ಶನದಿಂದ ತಿಳಿಯಬಹುದು. ನಾಲ್ಕು ಬೈಟುಗಳ ಒಂದು ಸಂಖ್ಯೆ ನೆನಪಿನ ಕೋಶದಲ್ಲಿ ನಾಲ್ಕರಿಂದ ಭಾಗವಾಗದ ಸ್ಥಾನದಿಂದ ಆರಂಭವಾಗಿದ್ದರೆ, 386ರ ವಂಶದ ಪ್ರೊಸೆಸರು ಅದನ್ನು ನಿರಾತಂಕವಾಗಿ ಓದಿಕೊಳ್ಳುತ್ತದೆ. ಸ್ಟ್ರಾಂಗ್‌ಆರ್ಮ್‌ನಂಥದಕ್ಕೆ ಅದು ಸಾಧ್ಯವಿಲ್ಲ. ಈಥರ್ನೆಟ್ ತಂತಿಯ ಮೂಲಕ ಬರುವ ಪ್ರತಿಯೊಂದು ಸಂದೇಶದ ತಲೆಬರಹವೂ 14 ಬೈಟುಗಳಷ್ಟಿರುವುದರಿಂದ, ಅದರ ಹಿಂದೆಯೇ ಬರುವ ಅಂತರಜಾಲದ ವಿಳಾಸಭಾಗವು ಸಹಜವಾಗಿಯೇ ಇಂಥ ಅಡ್ಡಸ್ಥಾನದಲ್ಲಿ ಬಂದು ಕೂರುತ್ತದೆ. ಆದಕಾರಣ ಕರ್ನೆಲ್ ಸಾಮಾನ್ಯವಾಗಿ ಮೊದಲಿಗೆ ಎರಡು ಬೈಟುಗಳನ್ನು ಖಾಲಿ ಬಿಟ್ಟು, 14ನ್ನು 16 ಮಾಡಿಕೊಂಡು ಮುಂದುವರಿಯುತ್ತದೆ; 386ರ ವಂಶವು ತನ್ನ ಸ್ವಂತ ಕಡತದಲ್ಲಿ ತನಗೆ ಈ ಬಿಡುವು ಬೇಡವೆಂದು ಬರೆದುಕೊಂಡಿದೆ. ಎರಡೇ ಬೈಟು! ಅಷ್ಟರ ವಿವೇಚನೆ ತಪ್ಪಿದರೂ ಯಂತ್ರ ಮುಗ್ಗರಿಸುತ್ತದೆ.

ಇಂಥ ಭೇದಗಳು ನೂರಾರು. ಎಲ್ಲ ಯಂತ್ರಗಳಿಗೂ ಸಮಾನವಾದ ಬರಹದಲ್ಲಿ ಇವನ್ನು ನಿರ್ವಹಿಸಲು ಮೊದಲಿಗೆ ಹೊಳೆಯುವ ದಾರಿ, ‘ಯಂತ್ರವು ಇಂಥದಾಗಿದ್ದರೆ, ಅಥವಾ ಇಂಥದಾಗಿದ್ದರೆ’ ಎಂದು ಹೆಸರುಗಳ ಪಟ್ಟಿ ಬರೆಯುವುದು. ಸುಲಭವಾದ ಈ ದಾರಿ ಅನರ್ಥದ ಮೂಲವೂ ಹೌದು. ಏಕೆಂದರೆ ಹೊಸದೊಂದು ಯಂತ್ರ ಬಂದ ದಿನ ಅಂಥ ಪಟ್ಟಿಗಳನ್ನೆಲ್ಲ ಹುಡುಕಿ ತಿದ್ದಬೇಕು, ಒಂದು ಮರೆತರೂ ದೋಷ ಉಳಿದೇ ಉಳಿಯುತ್ತದೆ. ಅನುಭವಿಗಳು ಕಂಡುಕೊಂಡ ಮಾರ್ಗ ಬೇರೆ: ಯಂತ್ರದ ಹೆಸರನ್ನು ಕೇಳಬೇಡ, ಅದರ ಸಾಮರ್ಥ್ಯವನ್ನು ಕೇಳು. ಸಮಾನವಾದ ಕಡತದಲ್ಲಿ ಆ ಸಾಮರ್ಥ್ಯಕ್ಕೆ ‘ಹ್ಯಾವ್’ ಎಂದು, ಅಂದರೆ ‘ಉಂಟು’ ಎಂದು, ಮೊದಲಾಗುವ ಒಂದು ಹೆಸರನ್ನಿಟ್ಟು, ಅದನ್ನು ಉಳ್ಳ ವಂಶವು ತನ್ನ ಕಡತದಲ್ಲಿ ತಾನೇ ಘೋಷಿಸಿಕೊಳ್ಳುವಂತೆ ಮಾಡಿದರು. ಅಡ್ಡಸ್ಥಾನದ ಓದಿಗೂ ಇಂಥದೊಂದು ಹೆಸರಿದೆ. ಕೊಂಡಿಯೆಂದು ನಾನು ಹೇಳಿದ್ದು ಇದನ್ನೇ.

ಈ ಘೋಷಣೆಗಳ ಭಾಷೆಯೇ ಕೆಕಾನ್ಫಿಗ್. 2002ರಲ್ಲಿ ಅದು ರೋಮನ್ ಜಿಪ್ಪೆಲ್ ಎಂಬವರ ಕೃತಿಯಾಗಿ ಲಿನಕ್ಸಿನೊಳಗೆ ಬಂದಿತು. ಅದರಲ್ಲಿ ಇಂಥ ಪ್ರತಿಯೊಂದು ಹೆಸರೂ ಒಂದು ಆಯ್ಕೆ. ಒಂದು ಆಯ್ಕೆ ಇನ್ನೊಂದನ್ನು ಅವಲಂಬಿಸಿದ್ದರೆ ‘ಡಿಪೆಂಡ್ಸ್ ಆನ್’ ಎಂತಲೂ, ಒಂದು ಇನ್ನೊಂದನ್ನು ಎಳೆದು ತರಬೇಕಾದರೆ ‘ಸೆಲೆಕ್ಟ್’ ಎಂತಲೂ ಬರೆಯುವುದು ಅದರ ಕ್ರಮ. ಈ ಎರಡನೆಯದರಲ್ಲಿ ಎಚ್ಚರ ಬೇಕು. ತಾನು ಎಳೆದು ತಂದ ಆಯ್ಕೆಗೆ ಬೇಕಾದ ಆಧಾರ ಅಲ್ಲಿದೆಯೋ ಇಲ್ಲವೋ ಎಂಬುದನ್ನು ‘ಸೆಲೆಕ್ಟ್’ ವಿಚಾರಿಸುವುದಿಲ್ಲ. ಬಲವಂತದಿಂದ ತಂದು ಕೂರಿಸುತ್ತದೆ. ಆದುದರಿಂದ ಬೇರೇನನ್ನೂ ಅವಲಂಬಿಸದ ಬರಿಯ ಸಾಮರ್ಥ್ಯಘೋಷಣೆಗಳಿಗೆ ಅದು ಉಚಿತ. ಮಿಕ್ಕೆಡೆಗಳಲ್ಲಿ ಅದನ್ನು ಬಳಸುವುದು ಅವಿವೇಕವೆಂದೇ ನನ್ನ ಅಭಿಪ್ರಾಯ.

ಹೀಗೆ ಕೊಂಡಿ ಹಾಕಿಸಿಕೊಳ್ಳುವ ವಂಶಗಳು ಬರುತ್ತಲೂ ಹೋಗುತ್ತಲೂ ಇರುತ್ತವೆ. 2018ರಲ್ಲಿ, ಬಳಸುವವರೇ ಇಲ್ಲದಂತಾದ 8 ಯಂತ್ರವಂಶಗಳನ್ನು ಲಿನಕ್ಸಿನಿಂದ ಒಮ್ಮೆಗೇ ತೆಗೆದುಹಾಕಲಾಯಿತು. ಅದೇ ವರ್ಷದ ಜನವರಿಯಲ್ಲಿ ಬಿಡುಗಡೆಯಾದ ಆವೃತ್ತಿಯಲ್ಲಿ ರಿಸ್ಕ್-ಫೈವ್ ಎಂಬ ಹೊಸ ವಂಶ ಒಳಗೆ ಬಂದಿತ್ತು. ಮದರಾಸಿನ ಐಐಟಿಯವರು ನಿರ್ಮಿಸಿದ ‘ಶಕ್ತಿ’ ಪ್ರೊಸೆಸರು ಈ ವಂಶದ್ದೇ. ಜಮಖಂಡಿ, ಮುಧೋಳಗಳಲ್ಲಿ ಗಣಕಶಾಸ್ತ್ರ ಓದುತ್ತಿರುವ ಮಕ್ಕಳಲ್ಲಿ ನನ್ನದೊಂದು ವಿನಂತಿ: ಲಿನಕ್ಸಿನ ಮೂಲಬರಹ ಎಲ್ಲರಿಗೂ ಉಚಿತವಾಗಿ ದೊರೆಯುತ್ತದೆ, ಅದರ ‘ಆರ್ಚ್’ ಎಂಬ ಕಡತಕೋಶದೊಳಗೆ ರಿಸ್ಕ್-ಫೈವ್‌ನ ಕೆಕಾನ್ಫಿಗ್ ಕಡತವನ್ನು ತೆರೆದು, ಆರಂಭದಲ್ಲಿಯೇ ಸಾಲುಗಟ್ಟಿ ನಿಂತಿರುವ ‘ಸೆಲೆಕ್ಟ್’ಗಳನ್ನು ಒಂದೊಂದಾಗಿ, ಇದು ಯಾವ ಸಾಮರ್ಥ್ಯದ ಮಾತು ಎಂದು ಕೇಳಿಕೊಳ್ಳುತ್ತ, ಒಂದು ಸಲ ನಿಧಾನವಾಗಿ ಓದಿರಿ.