ಮುಳ್ಳುತಂತಿಯ ಬೇಲಿ: ಉಪಯೋಗ ಮತ್ತು ಎಚ್ಚರಿಕೆ

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಕರೆಯುವ ಹಸು ಮೇವು ಬಿಟ್ಟಿತು. ಬೆನ್ನು ಬಾಗಿಸಿ ನಿಲ್ಲುತ್ತಿತ್ತು, ಇಳಿಜಾರಿನಲ್ಲಿ ನಡೆಯಲು ಹಿಂಜರಿಯುತ್ತಿತ್ತು. ಅಜೀರ್ಣವೆಂದು ಕಷಾಯ ಕುಡಿಸಿ ಸುಮ್ಮನಾದೆವು. ಎದೆಯ ಕೆಳಗೆ ಊತ ಬಂದಾಗ ಪಶುವೈದ್ಯರನ್ನು ಕರೆಸಿದೆವು, ಆಗಲೇ ತಡವಾಗಿತ್ತು. ಸತ್ತ ಹಸುವನ್ನು ಕೊಯ್ದು ನೋಡಿದರೆ, ತಂತಿಯ ತುಂಡೊಂದು ಹೃದಯದ ಚೀಲಕ್ಕೆ ಚುಚ್ಚಿತ್ತು. ಬೇಲಿ ಕಟ್ಟಿದ ದಿನ ಕತ್ತರಿಸಿ ಎಸೆದವರು ನಾವೇ.

ಎರಡು ಎಳೆಗಳನ್ನು ಹೊಸೆದು ನಡುವೆ ಮುಳ್ಳು ನಿಲ್ಲಿಸುವ ತಂತಿಗೆ ಅಮೆರಿಕದ ಇಲಿನಾಯ್‌ನ ರೈತ ಜೋಸೆಫ್ ಗ್ಲಿಡನ್ 1874ರಲ್ಲಿ ಪೇಟೆಂಟ್ ಪಡೆದರು. ಮರ ವಿರಳವಾದ ಅಲ್ಲಿನ ಬಯಲಿನಲ್ಲಿ ದನಗಳನ್ನು ತಡೆಯಲು ಅದು ಬೇಕಾಗಿತ್ತು. ಮೊದಲ ಮಹಾಯುದ್ಧದಲ್ಲಿ ಅದೇ ತಂತಿ ಕಂದಕಗಳ ಮುಂದೆ ಮನುಷ್ಯರನ್ನು ತಡೆಯಿತು. ನಮ್ಮಲ್ಲಿ ಕಳ್ಳಿ, ಕತ್ತಾಳೆಯ ಬೇಲಿಗಳಿದ್ದ ಕಡೆ ಈಗ ಕಲ್ಲುಕಂಬ, ಮುಳ್ಳುತಂತಿ ಬಂದಿವೆ.

ಬೇಲಿ ಹಾಕುವಾಗ ಸತುವಿನ ಲೇಪವಿರುವ ತಂತಿ ಕೊಳ್ಳಿರಿ. ತುಕ್ಕು ಬೇಗ ಹಿಡಿಯದು. ಕಂಬಗಳ ನಡುವೆ 8ರಿಂದ 10 ಅಡಿ ಅಂತರವಿರಲಿ. ಮೂಲೆಕಂಬಕ್ಕೆ ಓರೆಯಾಗಿ ಇನ್ನೊಂದು ಕಂಬದ ಆಸರೆ ಕೊಡಿರಿ. ತಂತಿ ಬಿಗಿಯಾಗಿರಲಿ, ಸಡಿಲವಾದರೆ ಕರುಗಳು ಸಿಕ್ಕಿಕೊಳ್ಳುತ್ತವೆ. ಕೆಲಸ ಮುಗಿದ ಮೇಲೆ ಪ್ರತಿಯೊಂದು ತುಂಡನ್ನೂ ಆರಿಸಿ ಡಬ್ಬದಲ್ಲಿ ಹಾಕಿರಿ. ದನಗಳು ಮೇವನ್ನು ಚೆನ್ನಾಗಿ ಅಗಿಯದೆ ನುಂಗುತ್ತವೆ. ತಂತಿ ಎರಡನೆಯ ಜಠರದಲ್ಲಿ ನಿಲ್ಲುತ್ತದೆ; ಹೃದಯ ಅದಕ್ಕೆ ತೀರ ಹತ್ತಿರ. ನಾವು ಕಂಡ ಲಕ್ಷಣಗಳು ಕಂಡರೆ ಅಂದೇ ವೈದ್ಯರಿಗೆ ತೋರಿಸಿರಿ.

ಮುಳ್ಳು ನಮ್ಮ ಕೈಗೆ ತಾಗಿದರೋ? ಧನುರ್ವಾಯು ತುಕ್ಕಿನಿಂದ ಬರುವುದಿಲ್ಲ; ಮಣ್ಣು, ಸೆಗಣಿಯಲ್ಲಿರುವ ರೋಗಾಣುವಿನಿಂದ ಬರುತ್ತದೆ. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಬೂದಿ, ಸುಣ್ಣ, ಸೆಗಣಿ ಹಚ್ಚಬೇಡಿರಿ. ಕೊಳೆ ಸೇರಿದ ಗಾಯವಾಗಿದ್ದು, ಹಿಂದಿನ ಚುಚ್ಚುಮದ್ದಿಗೆ 5 ವರ್ಷ ಕಳೆದಿದ್ದರೆ ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಹೋಗಿರಿ.

ಕೊನೆಯದಾಗಿ, ಹಂದಿ, ಆನೆಗಳ ಕಾಟಕ್ಕೆ ಬೇಸತ್ತು ಮುಳ್ಳುತಂತಿಗೆ ಮನೆಯ ಕರೆಂಟು ಕೊಡುವುದು ಅಪರಾಧ. ರಾತ್ರಿ ನೀರು ಹಾಯಿಸಲು ಹೋಗುವ ನಮ್ಮ ಮಕ್ಕಳೇ ಅದಕ್ಕೆ ಬಲಿಯಾದಾರು. ಸೌರಬೇಲಿ ಹಾಕುವುದಾದರೂ ನುಣುಪು ತಂತಿಯನ್ನೇ ಬಳಸಬೇಕು. ಮುಳ್ಳಿಗೆ ಸಿಕ್ಕವರು ಬಿಡಿಸಿಕೊಳ್ಳಲಾರರು.

ಬೆಳೆ ಕಾಯುವ ಬೇಲಿ ಮನೆಯವರನ್ನೂ ದನಕರುಗಳನ್ನೂ ಕಾಯಲಿ. ಈ ವಾರ ನಿಮ್ಮ ಬೇಲಿಯ ಬುಡವನ್ನೊಮ್ಮೆ ನೋಡಿ ಬನ್ನಿ.