ಅಗುಳಿಯ ಆಚೆ ಟಾಮಿ, ಈಚೆ ಗಿರಿರಾಜ

ಹಿತ್ತಲಲ್ಲಿ ನಾಲ್ಕು ಕೋಳಿ ಸಾಕೋಣ ಎಂದು ಹೊರಟವರು ಮೊದಲು ಹೆದರುವುದು ಮುಂಗುಸಿಗೆ. ಆಮೇಲೆ ಗಿಡುಗಕ್ಕೆ, ಕಾಡುಬೆಕ್ಕಿಗೆ. ಮಲೆನಾಡಾದರೆ ಉಡಕ್ಕೆ, ಕೇರೆಹಾವಿಗೆ. ಹೊಸ್ತಿಲಲ್ಲಿ ಮಲಗಿ ಬಾಲ ಅಲ್ಲಾಡಿಸುವ ಟಾಮಿಯ ಹೆಸರು ಈ ಪಟ್ಟಿಯಲ್ಲಿ ಇರುವುದೇ ಇಲ್ಲ. ಕೇಳಿದರೆ, "ನಮ್ಮದು ಇರುವೆಯನ್ನೂ ಮುಟ್ಟಲ್ಲ ಸಾರ್, ಮಕ್ಕಳು ಮೈಮೇಲೆ ಹತ್ತಿ ಕೂತರೂ ಸುಮ್ಮನಿರುತ್ತೆ" ಎನ್ನುತ್ತಾರೆ. ಸುಳ್ಳೇನಲ್ಲ. ಆದರೆ ಮಗು ಹತ್ತಿ ಕೂರುವುದು ಬೇರೆ, ಕಣ್ಣೆದುರೇ ಕೋಳಿಯೊಂದು ಪಟಪಟ ರೆಕ್ಕೆ ಬಡಿದು ಕಿರುಚುತ್ತ ಓಡುವುದು ಬೇರೆ. ನಾಯಿಯ ತಲೆಯಲ್ಲಿ ಇವೆರಡಕ್ಕೂ ನಂಟೇ ಇಲ್ಲ.

ಕೊರೊನಾ ಕಾಲದ ನಂತರ ಬೆಂಗಳೂರಿನ ಸುತ್ತ, ಕನಕಪುರ ರಸ್ತೆ, ಹೆಸರಘಟ್ಟ, ದೇವನಹಳ್ಳಿ ಕಡೆಯ ತೋಟದ ಮನೆಗಳಲ್ಲಿ ಈ ಜೋಡಿ ಕಣ್ಣಿಗೆ ಬೀಳುವುದು ಹೆಚ್ಚಾಗಿದೆ: ಒಂದು ಕಡೆ ಗಿರಿರಾಜ ಅಥವಾ ಕಾವೇರಿ ಕೋಳಿ, ಇನ್ನೊಂದು ಕಡೆ ಪೇಟೆಯಿಂದ ಬಂದ ಲ್ಯಾಬ್ರಡಾರೋ ಜರ್ಮನ್ ಶೆಫರ್ಡೋ. ಹಳ್ಳಿಯ ಹಳೇ ಮನೆಗಳಲ್ಲೂ ಎರಡೂ ಇದ್ದವು, ಆದರೆ ಅಲ್ಲಿಯ ಕ್ರಮವೇ ಬೇರೆ. ನಾಟಿ ನಾಯಿಮರಿ ಕಣ್ಣು ಬಿಡುವ ಹೊತ್ತಿಗೆ ಸುತ್ತ ಕೋಳಿಗಳು ಕೆದಕುತ್ತಿರುತ್ತಿದ್ದವು. ಮರಿಗಳನ್ನು ಕಟ್ಟಿಕೊಂಡ ಹ್ಯಾಟೆಯ ಹತ್ತಿರ ಕುತೂಹಲಕ್ಕೆ ಮೂಗು ತೂರಿಸಿ, ಮೂತಿಗೆ ಒಂದು ಕುಕ್ಕು ತಿಂದು, ಕುಂಯ್‌ಗುಟ್ಟುತ್ತ ಓಡಿ ಬಂದರೆ ಪಾಠ ಅಲ್ಲಿಗೆ ಮುಗಿಯಿತು. ನಾಯಿಮರಿಗೆ ಮೂರನೇ ವಾರದಿಂದ ಸುಮಾರು 12–14ನೇ ವಾರದವರೆಗೆ ಕಂಡದ್ದೆಲ್ಲ 'ನಮ್ಮ ಮನೆಯದು' ಎಂದು ಮನಸ್ಸಿಗೆ ಇಳಿಯುವ ಕಾಲ. ಆ ಕಿಟಕಿ ಮುಚ್ಚಿದ ಮೇಲೆ, ಎರಡು ವರ್ಷದ ಲ್ಯಾಬ್ ಮುಂದೆ ಏಕಾಏಕಿ ಆರು ಕೋಳಿ ತಂದು ಬಿಟ್ಟರೆ ಅವು ಅದಕ್ಕೆ ಬಂದ ಅತಿಥಿಗಳಲ್ಲ, ಆಟಿಕೆಗಳು.

ಮರಿಯಿಂದ ಕೋಳಿಗಳ ಜೊತೆಗೇ ಬೆಳೆಯಿತು, ಇನ್ನು ಭಯವಿಲ್ಲ ಎಂದುಕೊಳ್ಳುವುದೂ ಪೂರ್ತಿ ಸರಿಯಲ್ಲ. ಆರು ತಿಂಗಳಿಂದ ಒಂದೂವರೆ ವರ್ಷದ ನಡುವೆ ನಾಯಿಗೆ ಹರೆಯ. ಅಲ್ಲಿಯವರೆಗೆ ಕೋಳಿ ಪಕ್ಕದಲ್ಲೇ ಮಲಗುತ್ತಿದ್ದದ್ದು ಒಂದು ದಿನ ಇದ್ದಕ್ಕಿದ್ದಂತೆ ಅಟ್ಟಿಸಿಕೊಂಡು ಹೋಗುತ್ತದೆ. ಮನೆಯವರು ಹೆಚ್ಚು ಮೈಮರೆಯುವುದೂ ಆಗಲೇ.

ಬೇಟೆ ಎನ್ನುವುದು ನಾಯಿಗೆ ಒಂದೇ ಕೆಲಸವಲ್ಲ, ಒಂದರ ಹಿಂದೊಂದು ಬರುವ ಹಲವು ಹೆಜ್ಜೆ ಎಂದು ಅಮೆರಿಕದ ಜೀವವಿಜ್ಞಾನಿ ರೇಮಂಡ್ ಕಾಪಿಂಜರ್ ವಿವರಿಸಿದ್ದರು. ಗಮನಿಸುವುದು, ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಕಚ್ಚಿ ಹಿಡಿಯುವುದು, ಕೊಲ್ಲುವುದು, ಸೀಳುವುದು, ತಿನ್ನುವುದು. ಮನುಷ್ಯ ತನಗೆ ಬೇಕಾದ ಹೆಜ್ಜೆಯನ್ನು ಬೆಳೆಸಿ, ಬೇಡದ್ದನ್ನು ಅಡಗಿಸಿ ಒಂದೊಂದು ತಳಿ ಮಾಡಿದ. ಕುರಿ ಅಟ್ಟುವ ನಾಯಿ ದಿಟ್ಟಿಸಿ ಹೊಂಚುವುದರಲ್ಲಿ ನಿಸ್ಸೀಮ, ಅಟ್ಟುವುದರಲ್ಲೂ ಅಷ್ಟೆ. ಲ್ಯಾಬ್ರಡಾರ್‌ಗೆ ಬಿದ್ದ ಹಕ್ಕಿಯನ್ನು ಬಾಯಲ್ಲಿ ಮೆತ್ತಗೆ ಹಿಡಿದು ತರುವುದೇ ಕಸುಬು. ಅದು ಕೋಳಿಯನ್ನು ಗಾಯವಿಲ್ಲದೆ ತಂದು ನಿಮ್ಮ ಕಾಲ ಬುಡದಲ್ಲಿ ಇಟ್ಟೀತು, ಕೋಳಿ ಮಾತ್ರ ಹೆದರಿಕೆಗೇ ಸತ್ತಿರುತ್ತದೆ. ಡ್ಯಾಶ್‌ಹೌಂಡ್ ಬಿಲದೊಳಗಿನ ಪ್ರಾಣಿಯ ಬೆನ್ನು ಹತ್ತಲೆಂದೇ ಹುಟ್ಟಿದ್ದು, ಬೇಲಿ ಎಷ್ಟೆತ್ತರ ಇದ್ದರೂ ಅಡಿಯಿಂದ ತೋಡುತ್ತದೆ. ಇನ್ನು ನಮ್ಮ ಬಾಗಲಕೋಟೆ ಸೀಮೆಯ ಮುಧೋಳ. ಕಣ್ಣಿಗೆ ಬಿದ್ದ ಮೊಲವನ್ನು ಬಯಲಿನಲ್ಲಿ ಓಡಿ ಹಿಡಿಯುವ ನಾಯಿ ಅದು. ಒಂದು ಎಕರೆ ತೋಟದಲ್ಲಿ ಬಿಟ್ಟ ಕೋಳಿಗಳ ಜೊತೆ ಬಿಟ್ಟ ಮುಧೋಳ ನಾಯಿಯನ್ನು ಇಟ್ಟುಕೊಳ್ಳುತ್ತೇನೆ ಎನ್ನುವವರ ಧೈರ್ಯವನ್ನು ಮೆಚ್ಚಬೇಕು, ಲೆಕ್ಕವನ್ನಲ್ಲ.

ಮನೆಯವರಿಗೆ ನಿಜವಾಗಿ ನೋವಾಗುವುದು ಕೋಳಿ ಸತ್ತದ್ದಕ್ಕಿಂತ, ನಾಯಿ ಅದನ್ನು ತಿನ್ನಲಿಲ್ಲವಲ್ಲ ಎಂಬುದಕ್ಕೆ. "ಹಸಿವಾಗಿತ್ತೇ? ಬೆಳಿಗ್ಗೆ ತಾನೇ ಅನ್ನ ಹಾಕಿದ್ದೆ. ಐದನ್ನೂ ಕೊಂದು ಸಾಲಾಗಿ ಬಿಟ್ಟು ಹೋಗಿದೆ!" ಹಸಿವಿಗೂ ಇದಕ್ಕೂ ಸಂಬಂಧ ಕಡಿಮೆ. ಒಂದು ಕೋಳಿ ಒದ್ದಾಡುವುದು ನಿಂತೊಡನೆ ಆಟ ಮುಗಿಯಿತು; ಮೂಲೆಯಲ್ಲಿ ಇನ್ನೊಂದು ರೆಕ್ಕೆ ಬಡಿಯುತ್ತಿದೆ, ಮತ್ತೆ ಆಟ ಶುರು. ಮುಚ್ಚಿದ ಗೂಡಿನೊಳಗೆ ನಾಯಿ ನುಗ್ಗಿದರೆ ಒಂದೂ ಉಳಿಯದಿರುವುದಕ್ಕೆ ಇದೇ ಕಾರಣ. ಓಡಿ ಹೋಗಲು ಜಾಗವಿಲ್ಲ, ಅಲುಗಾಟ ನಿಲ್ಲುವುದಿಲ್ಲ.

ಆಮೇಲೆ ಶಿಕ್ಷೆಯ ಸರದಿ. ಸತ್ತ ಕೋಳಿಯನ್ನು ನಾಯಿಯ ಕುತ್ತಿಗೆಗೆ ಕಟ್ಟಿ ಕೊಳೆಯುವ ತನಕ ಬಿಟ್ಟರೆ ಅದು ಮತ್ತೆ ಕೋಳಿಯ ತಂಟೆಗೆ ಹೋಗುವುದಿಲ್ಲ ಎಂಬ ಹಳೇ ಮದ್ದನ್ನು ಇವತ್ತಿಗೂ ಹೇಳುವವರಿದ್ದಾರೆ. ನಾಯಿಗೆ ನಾರುವ ಹೆಣವೆಂದರೆ ಅಸಹ್ಯವಲ್ಲ, ಸುಗಂಧ. ಮಣ್ಣಿನಲ್ಲಿ ಹುಗಿದದ್ದನ್ನು ಕೆದಕಿ ಅದರ ಮೇಲೆ ಉರುಳಾಡುವ ಪ್ರಾಣಿಗೆ ಇದು ಶಿಕ್ಷೆ ಹೇಗಾದೀತು? ಅರ್ಧ ಗಂಟೆ ಬಿಟ್ಟು ದೊಣ್ಣೆ ಹಿಡಿದರೆ ನಾಯಿ ಕಲಿಯುವುದು ಒಂದೇ: ಯಜಮಾನ ಮನೆಯಲ್ಲಿ ಇರುವಾಗ ಕೋಳಿ ಹಿಡಿಯಬಾರದು. ಇನ್ನು, ಅಂದಿನಿಂದ ಮೂರು ಅಡಿ ಸರಪಳಿಯಲ್ಲಿ ಹಗಲೂ ರಾತ್ರಿ ಬಿಗಿದು ಹಾಕುವವರಿಗೆ ಒಂದು ಮಾತು. ವಿಪರೀತ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಹೊತ್ತುಗೊತ್ತಿಲ್ಲದೆ ಕಟ್ಟಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಅಲ್ಲದೆ, ಕಟ್ಟಿಹಾಕಿದ ನಾಯಿಯ ಮೂತಿಯಿಂದ ಒಂದು ಮಾರು ದೂರದಲ್ಲೇ ಕೋಳಿಗಳು ದಿನವಿಡೀ ಓಡಾಡುತ್ತಿದ್ದರೆ ಅದರ ಆಸೆ ಬೆಳೆಯುತ್ತ ಹೋಗುತ್ತದೆ. ಸರಪಳಿ ಕಳಚಿದ ದಿನ ಗೊತ್ತಾಗುತ್ತದೆ.

ಯಾರೂ ಹೆಚ್ಚು ಯೋಚಿಸದ ಇನ್ನೊಂದು ಸಂಗತಿಯಿದೆ. ವರ್ಷತೊಡಕಿಗೋ ನೆಂಟರು ಬಂದ ದಿನವೋ ಅದೇ ಹಿತ್ತಲಲ್ಲಿ ಕೋಳಿ ಕೊಯ್ಯುತ್ತೇವೆ. ಪುಕ್ಕ ಕಿತ್ತು ಕರುಳು, ಕಾಲು, ತಲೆಯನ್ನು ಬಿಸಿ ಆರುವ ಮೊದಲೇ ಟಾಮಿಯ ಕಡೆ ಎಸೆಯುತ್ತೇವೆ. ಕೋಳಿಯ ಕೂಗು, ರಕ್ತದ ವಾಸನೆ, ಹಾರುವ ಪುಕ್ಕ, ಅದರ ಬೆನ್ನಿಗೇ ಬಾಯಿಗೆ ರುಚಿ. ಇದಕ್ಕಿಂತ ಒಳ್ಳೆಯ ತರಬೇತಿಯನ್ನು ಯಾವ ಬೇಟೆಗಾರನೂ ಕೊಡಲಾರ. ನಾಯಿಗೆ ಕೊಡಬಾರದೆಂದಲ್ಲ. ಕೊಯ್ಯುವಾಗ ಅದನ್ನು ಮನೆಯ ಮುಂದೆ ಕಟ್ಟಿ, ಕೊಡುವುದನ್ನು ಮೂಳೆ ಬಿಡಿಸಿ ಬೇಯಿಸಿ, ಸಂಜೆ ಅದರ ತಟ್ಟೆಗೇ ಹಾಕಿದರೆ ಸಾಕು. ಬೆಂದ ಕೋಳಿ ಮೂಳೆ ಚೂಪಾಗಿ ಸಿಗಿಯುತ್ತದೆ, ನಾಯಿಯ ಗಂಟಲಿಗೂ ಕರುಳಿಗೂ ಅದು ಅಪಾಯ.

ಹೀಗಿರುವಾಗ ನಂಬಿಕೆ ಇಡಬೇಕಾದದ್ದು ನಾಯಿಯ ಗುಣದ ಮೇಲಲ್ಲ, ಬೇಲಿಯ ಮೇಲೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೋಳಿಗೆ ಎಂದ ಕೂಡಲೇ ಆರು ಮೂಲೆಯ ಕಣ್ಣಿನ ತೆಳು ತಂತಿ ಜಾಲರಿಯ ಸುರುಳಿಯನ್ನು ಎದುರಿಗೆ ಇಡುತ್ತಾರೆ. ಹೆಸರೂ ಅದಕ್ಕೆ ಚಿಕನ್ ಮೆಶ್. ಅದು ಕೋಳಿ ಹೊರಗೆ ಹೋಗದಂತೆ ತಡೆಯಲು ಸರಿ. ನಾಯಿ ಒಳಗೆ ಬರದಂತೆ ತಡೆಯಲು ಅಲ್ಲ. ಮೂವತ್ತು ಕಿಲೋದ ನಾಯಿ ಹಲ್ಲು ಹಾಕಿ ಎಳೆದರೆ ಹೆಣಿಗೆ ಬಿಚ್ಚಿಕೊಳ್ಳುತ್ತದೆ. ಕೇಳಬೇಕಾದದ್ದು ವೆಲ್ಡ್ ಮೆಶ್, ಅಡ್ಡ ಉದ್ದ ತಂತಿ ಕೂಡುವಲ್ಲೆಲ್ಲ ಬೆಸುಗೆ ಇರುವುದು. ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ತಂತಿ ದಪ್ಪ ಎನ್ನುವುದು ನೆನಪಿರಲಿ. ಅಂಗಡಿಯಲ್ಲಿ ಇದು ಉಲ್ಟಾ ತಿಳಿದು ಮೋಸ ಹೋಗುವವರೇ ಹೆಚ್ಚು. ಕೆಳಗಿನ ಎರಡಡಿಗೆ ಅರ್ಧ ಇಂಚಿನ ಕಣ್ಣಿನದು ಹಾಕಿದರೆ ಮುಂಗುಸಿಗೂ ಅದೇ ಉತ್ತರ.

ತೋಡುವ ನಾಯಿಗೆ ಬೇಲಿಯನ್ನು ಒಂದಡಿ ಮಣ್ಣಿನೊಳಗೆ ಇಳಿಸಬೇಕು. ಕಲ್ಲು ನೆಲವಾಗಿ ಅಗೆಯಲು ಆಗದಿದ್ದರೆ ಅದಕ್ಕಿಂತ ಸುಲಭದ ದಾರಿಯಿದೆ: ಜಾಲರಿಯನ್ನು ಬೇಲಿಯ ಬುಡದಿಂದ ಹೊರಮುಖವಾಗಿ ಎರಡಡಿ ನೆಲದ ಮೇಲೆ ಹಾಸಿ, ಮೇಲೆ ಚಪ್ಪಡಿಯೋ ಮಣ್ಣೋ ಹೇರುವುದು. ನಾಯಿ ತೋಡುವುದು ಯಾವಾಗಲೂ ಬೇಲಿಯ ಬುಡಕ್ಕೇ ಹೋಗಿ; ಅಲ್ಲಿ ಉಗುರಿಗೆ ತಂತಿ ತಗುಲುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು ತೋಡಬಹುದಲ್ಲ ಎಂಬುದು ಸಾಮಾನ್ಯವಾಗಿ ಅದಕ್ಕೆ ಹೊಳೆಯುವುದಿಲ್ಲ. ಬಾಗಿಲಿಗೆ ಬರೀ ಕೊಂಡಿ ಸಾಲದು, ಮೂತಿಯಿಂದ ಎತ್ತಿಬಿಡುತ್ತದೆ. ಅಗುಳಿ ಹಾಕಿ, ಅದರ ತೂತಿಗೆ ಒಂದು ಪಿನ್ನು ಸಿಕ್ಕಿಸಬೇಕು. ಜಾಗ ಒಂದು ಹಕ್ಕಿಗೆ ಎಂಟು ಹತ್ತು ಚದರ ಅಡಿಯಾದರೂ ಇರಲಿ. ಇಕ್ಕಟ್ಟಾದರೆ ನಾಯಿ ಬೇಕಿಲ್ಲ, ಒಂದನ್ನೊಂದು ಕುಕ್ಕಿಯೇ ಗಾಯ ಮಾಡಿಕೊಳ್ಳುತ್ತವೆ.

ಕೋಳಿಯ ತಳಿಯೂ ಲೆಕ್ಕಕ್ಕೆ ಬರುತ್ತದೆ. ನಾಟಿ ಹ್ಯಾಟೆ ಅಪಾಯ ಕಂಡರೆ ಹಲಸಿನ ಕೊಂಬೆಗೋ ಹಂಚಿನ ಮಾಡಿಗೋ ಹಾರಿ ಕೂರುತ್ತದೆ. 1989ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಮೈ ಬೆಳೆಸುವುದರಲ್ಲಿ ಮುಂದು, ಹಾರುವುದರಲ್ಲಿ ಹಿಂದು. 2005ರಲ್ಲಿ ಬಂದ ಸ್ವರ್ಣಧಾರ ಅದಕ್ಕಿಂತ ಹಗುರ, ಮೊಟ್ಟೆಯೂ ಜಾಸ್ತಿ, ವರ್ಷಕ್ಕೆ 180–190ರವರೆಗೆ. ಮೈ ಹಗುರವಾದ್ದರಿಂದ ಕಾಡುಬೆಕ್ಕು, ನರಿಗಳಿಂದ ತಪ್ಪಿಸಿಕೊಳ್ಳುವುದು ಇದಕ್ಕೆ ಸುಲಭ ಎಂದು ಪಶುವೈದ್ಯಕೀಯ ವಿಶ್ವವಿದ್ಯಾಲಯದವರೇ ಹೇಳುತ್ತಾರೆ. ನಾಯಿ ಇರುವ ಮನೆಯಲ್ಲಿ ನಾನಾದರೆ ಸ್ವರ್ಣಧಾರವನ್ನೇ ಆರಿಸುತ್ತೇನೆ. ಪಕ್ಕದ ತೋಟಕ್ಕೆ ಹಾರುತ್ತವೆ ಎಂದು ರೆಕ್ಕೆಯ ಗರಿ ಕತ್ತರಿಸುವವರು, ಅದರ ಜೊತೆಗೇ ನಾಯಿಯಿಂದ ಪಾರಾಗುವ ದಾರಿಯನ್ನೂ ಕತ್ತರಿಸುತ್ತಿರುತ್ತಾರೆ.

ನಾಯಿಗೆ ಕಲಿಸಲು ಆಗುವುದೇ ಇಲ್ಲವೆಂದಲ್ಲ. ಬೆಳಿಗ್ಗೆ ಚೆನ್ನಾಗಿ ಓಡಾಡಿಸಿ ದಣಿಸಿದ ಮೇಲೆ, ಹಗ್ಗ ಹಿಡಿದು, ಬೇಲಿಯಿಂದ ಹತ್ತಿಪ್ಪತ್ತು ಅಡಿ ದೂರದಲ್ಲಿ ಕೂರಿಸಿಕೊಳ್ಳಬೇಕು. ಕಣ್ಣು ಕೋಳಿಯಲ್ಲಿ ನೆಟ್ಟಿರುತ್ತದೆ, ಕಿವಿ ಮುಂದಕ್ಕೆ, ಬಾಯಿ ಬಿಗಿ, ಮೈ ಸೆಟೆದ ಬಿಲ್ಲು. ಕಾಯಬೇಕು. ಅರೆಕ್ಷಣ ಅದು ನಿಮ್ಮ ಕಡೆ ತಿರುಗಿದ ಕೂಡಲೇ ಬಾಯಿಗೊಂದು ತಿನಿಸು. ಕೋಳಿಯಿಂದ ಕಣ್ಣು ಕಿತ್ತರೆ ಲಾಭ ಎಂದು ಅದಕ್ಕೆ ಹೊಳೆಯುವವರೆಗೆ ದಿನಾ ಇಷ್ಟೇ. ಆಮೇಲೆ ಒಂದೊಂದೇ ಅಡಿ ಹತ್ತಿರ. ನೆಟ್ಟ ನೋಟ ಬಿಡಿಸಲಾಗದಿದ್ದರೆ ಬಹಳ ಹತ್ತಿರ ಬಂದಿರಿ ಎಂದರ್ಥ, ಹಿಂದೆ ಸರಿಯಿರಿ. ತಿಂಗಳುಗಟ್ಟಲೆ ಹಿಡಿಯುತ್ತದೆ. ಕೆಲವು ನಾಯಿಗಳು ಕೋಳಿಗಳ ನಡುವೆ ಆಕಳಿಸುತ್ತ ನಡೆಯುವಷ್ಟು ಪಳಗುತ್ತವೆ, ಕೆಲವು ಎಂದೆಂದಿಗೂ ಇಲ್ಲ. ಪಳಗಿದ್ದನ್ನೂ ಯಾರೂ ಇಲ್ಲದಾಗ ಕೋಳಿಗಳ ಜೊತೆ ಬಿಡುವುದು ಬೇಡ.

ಅದಕ್ಕಿಂತ ಹೊತ್ತು ಹಂಚಿಕೊಡುವುದು ಜಾಣತನ. ಕತ್ತಲಾದರೆ ಕೋಳಿಗೆ ಕಣ್ಣು ಕಾಣದು, ಸಂಜೆ ತಾವಾಗಿಯೇ ಗೂಡು ಸೇರುತ್ತವೆ. ಆಗ ಅಗುಳಿ ಹಾಕಿ ನಾಯಿಯನ್ನು ಅಂಗಳಕ್ಕೆ ಬಿಟ್ಟರೆ ರಾತ್ರಿಯೆಲ್ಲ ಗೂಡಿನ ಸುತ್ತ ಅದೇ ಕಾವಲು. ಕಾಡುಬೆಕ್ಕು ನಾಯಿಯ ವಾಸನೆಗೇ ದೂರ ಉಳಿಯುವುದುಂಟು. ಮಲೆನಾಡಿನ ಮನೆಗಳಲ್ಲಿ ಕೋಳಿ ಒಡ್ಡಿ ಕೊಟ್ಟಿಗೆಯ ಮಗ್ಗುಲಲ್ಲಿ, ನಾಯಿ ಕೊಟ್ಟಿಗೆಯ ಬಾಗಿಲಲ್ಲಿ ಇರುತ್ತಿದ್ದುದು ಸುಮ್ಮನೆ ಅಲ್ಲ. ಬೆಳಗಾದ ಮೇಲೆ ನಾಯಿ ಕಟ್ಟಿನೊಳಗೆ, ಕೋಳಿ ಹೊರಗೆ.

ಇಷ್ಟಾದರೂ ಒಂದು ದಿನ ಗದ್ದಲ ಕೇಳಿ ಓಡಿ ಬಂದರೆ ಅಂಗಳದ ತುಂಬ ಪುಕ್ಕ. ಎಲ್ಲ ಹೋಯಿತೆಂದು ತೀರ್ಮಾನಿಸಬೇಡಿ. ಹಿಡಿತಕ್ಕೆ ಸಿಕ್ಕ ಹಕ್ಕಿ ಬಾಲದ, ಬೆನ್ನಿನ ಗರಿಗಳನ್ನು ಒಮ್ಮೆಲೇ ಉದುರಿಸಿಬಿಡುತ್ತದೆ. ನಾಯಿಯ ಬಾಯಲ್ಲಿ ಪುಕ್ಕ, ಕೋಳಿ ಲಂಟಾನ ಪೊದೆಯಲ್ಲಿ. ಕೆಲವು ಸತ್ತಂತೆ ಮರಗಟ್ಟಿ ಬಿದ್ದಿರುತ್ತವೆ, ನಾಯಿಯನ್ನು ಕಟ್ಟಿ ಬಂದ ಮೇಲೆ ಎದ್ದು ಓಡುತ್ತವೆ. ಸಂಜೆ ಗೂಡಿಗೆ ಬಂದವನ್ನು ಎಣಿಸಿ ನೋಡಿ. ಪಾರಾದ ಕೋಳಿಯ ಗರಿ ಬಿಡಿಸಿ ಚರ್ಮ ನೋಡದಿದ್ದರೆ ಹಲ್ಲಿನ ತೂತು ಕಾಣುವುದೇ ಇಲ್ಲ. ಉಗುರುಬೆಚ್ಚಗಿನ ಉಪ್ಪು ನೀರಲ್ಲಿ ತೊಳೆದು ಪೊವಿಡೋನ್ ಅಯೋಡಿನ್ ಹಚ್ಚಿ, ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲು, ಬೆಚ್ಚಗೆ, ನೀರಿನ ಬಟ್ಟಲ ಜೊತೆ ಒಂಟಿಯಾಗಿ ಇಡಬೇಕು. ಕೆಂಪು ಕಂಡರೆ ಉಳಿದ ಕೋಳಿಗಳು ಕುಕ್ಕಿ ಕುಕ್ಕಿ ಕೊಲ್ಲುತ್ತವೆ. ನೊಣ ಕೂತರೆ ಎರಡೇ ದಿನದಲ್ಲಿ ಹುಳ. ಆಳದ ಗಾಯಕ್ಕೆ ಪಶುವೈದ್ಯರೇ ಬೇಕು. ಆ್ಯಂಟಿಬಯಾಟಿಕ್ ಕೊಟ್ಟರೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂದು ಅಲ್ಲೇ ಕೇಳಿಕೊಳ್ಳಿ. ಬೀದಿನಾಯಿ ಕಚ್ಚಿ ಸತ್ತ ಕೋಳಿಯನ್ನು ಸಾರಿಗೆ ಹಾಕುವ ಆಸೆ ಬೇಡ, ಬರಿಗೈಯಲ್ಲಿ ಮುಟ್ಟದೆ ಆಳವಾಗಿ ಹುಗಿಯಿರಿ.

ಕಡೆಗೆ ಉಳಿಯುವುದು ಪಕ್ಕದ ಮನೆಯ ತಕರಾರು. ನಿಮ್ಮ ನಾಟಿ ನಾಯಿ ನಿಮ್ಮ ಕೋಳಿಗಳ ನಡುವೆ ಸಾಧುವಿನಂತೆ ಓಡಾಡಬಹುದು. ಬೇಲಿ ದಾಟಿದರೆ ಗೌಡರ ಮನೆಯ ಕೋಳಿ ಅದಕ್ಕೆ ಕೋಳಿಯೇ. ಅವರ ನಾಯಿಗೂ ನಿಮ್ಮವು ಹಾಗೆಯೇ. ಅದಕ್ಕೆ ನೀವು ಏನನ್ನೂ ಕಲಿಸಿಲ್ಲ, ನಿಮ್ಮ ಮಾತನ್ನು ಅದು ಕೇಳುವುದೂ ಇಲ್ಲ. ಮಳೆ ಹಿಡಿಯುವ ಮೊದಲು ಒಮ್ಮೆ ಬೇಲಿಯ ಸುತ್ತ ನಡೆದು, ಬುಡದ ಮಣ್ಣು ಎಲ್ಲಿ ಕೊಚ್ಚಿದೆ, ತಂತಿ ಎಲ್ಲಿ ತುಕ್ಕು ತಿಂದಿದೆ ಎಂದು ಕಾಲಲ್ಲಿ ಒದ್ದು ನೋಡಿ. ಪುಡಿಯಾಗುವ ಕಡೆ ಅದೇ ವಾರ ಹೊಸ ತುಂಡು ಹಾಕಿಸಿ.