ರಿಚ್ಮಂಡ್ ರಂಗಮಂದಿರದ ಅಗ್ನಿದುರಂತ (1811)

ವರ್ಜೀನಿಯಾದ ರಾಜಧಾನಿಯಾದ ರಿಚ್ಮಂಡ್ ನಗರದ ರಂಗಮಂದಿರದಲ್ಲಿ 1811ರ ಡಿಸೆಂಬರ್ 26ರ ರಾತ್ರಿ ಸಂಭವಿಸಿದ ಬೆಂಕಿಗೆ 72 ಜನ ಆಹುತಿಯಾದರು. ಆ ವೇಳೆಗೆ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಯಾವ ನಗರವೂ ಅಂತಹ ದುರಂತವನ್ನು ಕಂಡಿರಲಿಲ್ಲ. ಗವರ್ನರ್ ಜಾರ್ಜ್ ವಿಲಿಯಂ ಸ್ಮಿತ್ ಮತ್ತು ಮಾಜಿ ಸೆನೆಟರ್ ಅಬ್ರಹಾಂ ವೆನಬಲ್ ಮೃತರಲ್ಲಿ ಸೇರಿದ್ದರು. ಸತ್ತವರಲ್ಲಿ ಬಹುಪಾಲು ಸ್ತ್ರೀಯರು.

ಅಂದು ಪ್ಲಾಸಿಡ್ ಮತ್ತು ಗ್ರೀನ್ ಅವರ ನಾಟಕ ಮಂಡಳಿಯ ಪ್ರದರ್ಶನವಿತ್ತು. ಸುಮಾರು 600 ಪ್ರೇಕ್ಷಕರು ನೆರೆದಿದ್ದರು. ಮೊದಲ ನಾಟಕ ಮುಗಿದು ಮೂಕಾಭಿನಯ ನಡೆಯುತ್ತಿದ್ದಾಗ, ದೀಪಗಳನ್ನು ಪೂರ್ತಿ ಆರಿಸದೆಯೇ ತೂಗುದೀಪವೊಂದನ್ನು ಹಗ್ಗದಿಂದ ಮೇಲಕ್ಕೆಳೆಯಲಾಯಿತು. ಅದರ ಜ್ವಾಲೆ ಬಣ್ಣ ಬಳಿದ ಪರದೆಗೆ ತಾಗಿತು. ಅಲ್ಲಿಂದ ಗಾರೆಯ ಲೇಪವಿಲ್ಲದ ಪೈನ್ ಹಲಗೆಯ ಚಾವಣಿಗೆ ಹಬ್ಬಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಉದುರುವ ಕಿಡಿಗಳನ್ನು ಪ್ರೇಕ್ಷಕರು ಮೊದಮೊದಲು ಪ್ರದರ್ಶನದ ಭಾಗವೆಂದೇ ಭಾವಿಸಿದ್ದರು.

ಸಾವಿನ ಹಂಚಿಕೆಯು ಕಟ್ಟಡದ ರಚನೆಯನ್ನೇ ಅನುಸರಿಸಿತೆಂಬುದು ಗಮನಾರ್ಹ. ಪ್ರತಿಷ್ಠಿತರು ಕುಳಿತ ಬಾಕ್ಸ್‌ಗಳಿಂದ ಇಳಿಯಲು ಇಕ್ಕಟ್ಟಾದ ಮೆಟ್ಟಿಲುಗಳಿದ್ದವು. ನೂಕುನುಗ್ಗಲಿನಲ್ಲಿ ಅವೇ ಉರುಳಾದವು. ನೆಲಮಟ್ಟದ ಪಿಟ್‌ನಲ್ಲಿದ್ದವರು ಸುಲಭವಾಗಿ ಹೊರಬಂದರು. ಕರಿಯರಿಗೂ ಬಡವರಿಗೂ ಮೀಸಲಾಗಿದ್ದ ಗ್ಯಾಲರಿಗೆ ಪ್ರತ್ಯೇಕ ದ್ವಾರವಿತ್ತು. ಅವರನ್ನು ದೂರವಿಡಲೆಂದು ಮಾಡಿದ ಆ ಏರ್ಪಾಡೇ ಅಂದು ಅವರಲ್ಲಿ ಅನೇಕರನ್ನು ಉಳಿಸಿತು.

ಗುಲಾಮಗಿರಿಯಲ್ಲಿದ್ದ ಕಮ್ಮಾರ ಗಿಲ್ಬರ್ಟ್ ಹಂಟ್‌ನ ಸಾಹಸವನ್ನು ಇಲ್ಲಿ ಸ್ಮರಿಸಬೇಕು. ವೈದ್ಯ ಜೇಮ್ಸ್ ಮೆಕಾ ಮೇಲಿನ ಕಿಟಕಿಯಿಂದ ಸ್ತ್ರೀಯರನ್ನು ಒಬ್ಬೊಬ್ಬರಾಗಿ ಕೆಳಗಿಳಿಬಿಟ್ಟಾಗ, ಹಂಟ್ ಅವರನ್ನು ಹಿಡಿದುಕೊಂಡನು. ಹೀಗೆ ಉಳಿದವರು ಸುಮಾರು ಒಂದು ಡಜನ್. ಕಡೆಯಲ್ಲಿ ಧುಮುಕಿ ಗಾಯಗೊಂಡ ವೈದ್ಯನನ್ನೂ ಅವನೇ ದೂರಕ್ಕೆ ಸಾಗಿಸಿದನು. ಊರು ಅವನನ್ನು ಹೊಗಳಿತು. ಬಿಡುಗಡೆಯನ್ನು ಮಾತ್ರ ನೀಡಲಿಲ್ಲ. 1829ರಲ್ಲಿ 800 ಡಾಲರ್ ತೆತ್ತು ಅದನ್ನು ಅವನೇ ಕೊಂಡುಕೊಳ್ಳಬೇಕಾಯಿತು.

ರಂಗಭೂಮಿಯನ್ನು ಪಾಪದ ನೆಲೆಯೆಂದು ಬಗೆದ ಧರ್ಮೋಪದೇಶಕರಿಗೆ ಈ ಬೆಂಕಿಯು ದೈವಶಿಕ್ಷೆಯಾಗಿ ತೋರಿತು. ವಿಚಾರಣಾ ಸಮಿತಿಯಾದರೋ ದೀಪ, ಚಾವಣಿ, ಬಾಗಿಲುಗಳ ಕುರಿತೇ ಹೇಳಿತು. ನಗರಸಭೆಯು ನಾಲ್ಕು ತಿಂಗಳ ಕಾಲ ಸಾರ್ವಜನಿಕ ಮನರಂಜನೆಗಳನ್ನು ನಿಷೇಧಿಸಿತು. ಗುರುತಿಸಲಾಗದ ಅವಶೇಷಗಳನ್ನು ಅದೇ ಸ್ಥಳದಲ್ಲಿ ಸಮಾಧಿ ಮಾಡಲಾಯಿತು. ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಅವರ ಮುಂದಾಳ್ತನದಲ್ಲಿ, ವಾಸ್ತುಶಿಲ್ಪಿ ರಾಬರ್ಟ್ ಮಿಲ್ಸ್ ಅವರ ವಿನ್ಯಾಸದಂತೆ ಅಲ್ಲಿ ನಿರ್ಮಾಣಗೊಂಡ ಮಾನ್ಯುಮೆಂಟಲ್ ಚರ್ಚ್ 1814ರಲ್ಲಿ ಪೂರ್ಣಗೊಂಡಿತು. ರಿಚ್ಮಂಡ್‌ನಲ್ಲಿ ಹೊಸ ರಂಗಮಂದಿರ ತೆರೆದದ್ದು 1819ರಲ್ಲಿ, ಬೇರೊಂದು ಜಾಗದಲ್ಲಿ.